ನಡುಗಡ್ಡಿ ಮಣ್ಣು

ರಾತ್ರಿ ಹೊಲದಿಂದ ಬರೂವಾಗ ನಮ್ಮೂರ ಆ ಬಾಂವಿ ಬಾಜೂಕ ಹಾಯಬ್ಯಾಡ್ರಿ... ನಗಬ್ಯಾಡೋ, ದನಿ ತಗ್ಗಿಸು. ಇದು ಯಾರೋ ಹೇಳಿದ ಕತಿ ಅಲ್ಲ. ಹ್ವಾದ ವರ್ಷ ನಮ್ಮೂರು ಪಾರಿಶ್ವಾಡದಾಗ ನಮ್ಮ ಕಾಕಾನ ಮಗ ರಾಮಲಿಂಗಗ ಆದದ್ದು.

ರಾಮಲಿಂಗ ಬೆಳಗಾವ್ಯಾಗ ಫೌಂಡ್ರಿ ಕೆಲಸಕ್ಕ ಹೋಗ್ತಾನ. ಅಲ್ಲಿ ಗೆಳ್ಯಾರ ಕೂಡ ಅಂದಮಾನ ನೋಡಾಕ ಹೊಂಟಿದ್ದ. ಸಾಂಬ್ರಾಕ್ಕ ಇಮಾನ ಹತ್ತಾಕ ಹೋಗೂ ಮೊದಲ ನಮ್ಮ ಅಪ್ಪನ ಅವ್ವ ಆಯಿ ಫಕೀರವ್ವ ಅವನ ಕೈಯಾಗ ಒಂದು ಖಾಲಿ ವಿಭೂತಿ ಡಬ್ಬಿ ಇಟ್ಲು.

“ನಮ್ಮ ಮುತ್ಯಾ ಗುರುಪುತ್ರಪ್ಪನ್ನ ಬ್ರಿಟಿಷರು ಕಾಳಾಪಾಣಿಗೆ ಒಯ್ದ್ರು. ಅಲ್ಲೇ ಸತ್ತ. ಮಣ್ಣು ಮಾಡಾಕ ಹೆಣಾನೂ ಸಿಗಲಿಲ್ಲ. ಅವನ ಹೆಣ್ತಿ ಇಲ್ಲಿ ಸಮಾಧಿ ಗದ್ದಗ್ಯಾಗ ಒಬ್ಬಾಕಿನಽ ಅದಾಳ. ಅಲ್ಲೀದು ಒಂದು ಹಿಡಿ ಮಣ್ಣು ತಾರೋ ತಮ್ಮಾ, ಆಕಿ ಬಾಜೂಕ ಇಡೂಣು.”

ಆಯಿಗೆ ಎಂಬತ್ತಾರು. ನಾವು ಹುಟ್ಟಿದಾಗಿಂದ ಆಕೀದು ಇದೊಂದ ಮಾತು.

ಕಾಳಾಪಾಣಿ ಕೈದಿಗಳ್ನ ಇಟ್ಟಿದ್ದ ಆ ಸೆರಿಮನಿ ನಡುಗಡ್ಡಿ ಈಗ ಮ್ಯೂಸಿಯಂ. ಸುತ್ತೂ ಕಾಡು ಕಾದಿಟ್ಟಾರ, ಜಿಂಕಿ ಅಡ್ಡಾಡತಾವ. ರಾಮಲಿಂಗ ಬೇಡಿ ನೋಡಿದ, ಕೋಣಿ ನೋಡಿದ, ಫೋಟೋ ಹೊಡಕೊಂಡ. ಡಬ್ಬಿ ತುಂಬಿದ. ಹೊಳ್ಳಿ ದೋಣಿ ಹತ್ತೂವಾಗ ಗಾರ್ಡ್ ಚೀಲಾ ತಗಸಿದ. ಇಲ್ಲಿಂದ ಒಂದು ಚಿಪ್ಪೂ ಒಯ್ಯೂವಂಗಿಲ್ಲಂತ. “ನಮ್ಮ ಹಿರ್ಯಾನ ಮಣ್ಣರಿ” ಅಂತ ಕೇಳಿ ನೋಡಬೇಕಿತ್ತೋ ಬ್ಯಾಡೋ? ಕೇಳಲಿಲ್ಲ. ಕೈದಿ ವಂಶದಾವ ಅಂತ ಗೆಳ್ಯಾರು ನಕ್ಕಾರಂತ ನಾಚಿ, ತಾನಽ ಡಬ್ಬಿ ಬೋರಲ ಹಾಕಿದ.

ಬರಿ ಡಬ್ಬಿ ಆಯಿಗೆ ಹೆಂಗ ಕೊಡೂದು? ಊರ ಹತ್ರ ಬಂದಾವ ನಮ್ಮ ಹೊಲದ ಬಾಂವಿ ದಂಡ್ಯಾಗ ಒಂದು ಹಿಡಿ ಕೆದರಿ ತುಂಬಿದ.

ಮರುದಿನ ಅಯ್ಯನೋರು ಬಂದ್ರು. ಆ ಮಣ್ಣಿಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಗದ್ದಗಿ ಬಾಜೂಕ ತಗ್ಗು ತೋಡಿ ಇಟ್ರು. ಆಯಿ ಹಣಿ ಹಚ್ಚಿ “ಬಂದ್ಯಾ ಮುತ್ಯಾ...” ಅಂದ್ಲು. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನಸ್ತಂತ ರಾಮಲಿಂಗಗ.

ಅವತ್ತಽ ರಾತ್ರಿ, ಬಾಜೂ ಮನಿ ಸಾದಿಕನ ಕೂಡ ಹೊಲದಿಂದ ಬರಾಕತ್ತಿದ್ದ. ಬಾಂವಿ ಹತ್ರ...

ಝಣ್.

ನಿಂತ್ರು. ಝಣ್... ಸರ್ರ್... ಝಣ್. ಕಬ್ಬಿಣ ಕಟ್ಟಿದ ಕಾಲು ಎಳಕೊಂತ ನಡದ ಸಪ್ಪಳ. ಬಾಂವಿ ತಳದಾಗ ಭೋರ್ ಅಂತ ನೀರು ಬಂದು ಬಡಿತು, ಹಿಂದ ಸರೀತು. ಮತ್ತ ಬಡಿತು.

“ಸಾದಿಕಾ... ಕೇಳಿತೇನೋ?”

“ಕೇಳಿತು. ಹಿಂದ ನೋಡಬ್ಯಾಡ, ನಡಿ.”

“ತಪ್ಪು ನಂದೋ...”

ಸಪ್ಪಳ ಇಬ್ಬರ ನಡುವ ಹಾದು ಹೋತು. ಯಾರೂ ಕಾಣಲಿಲ್ಲ. ರಾಮಲಿಂಗ ಮಣ್ಣು ಕೆದರಿದ್ದ ತಗ್ಗಿನ ಹತ್ರ ಹೋಗಿ ನಿಂತಿತು. ಝಣ್ ಅಂತ ಒಮ್ಮೆ ಅಂದು... ಸುಮ್ಮನಾತು.

ಮುಂಜಾನಿ ಆ ಬಾಂವಿ ನೀರು ತಂದು ಆಯಿಗೆ ಕೊಟ್ರು. ಒಂದು ಗುಟುಕು ಕುಡದ್ಲು. ಚರಗಿ ಇಟ್ಟು ರಾಮಲಿಂಗನ ಮಾರಿ ನೋಡಿದ್ಲು.

“ಆ ಮಣ್ಣು ಎಲ್ಲೀದೋ ತಮ್ಮಾ?”

ನನ್ನ ಮುಂದ ಅಷ್ಟಽ ಹೇಳ್ಯಾನ, ಆಯಿಗೆ ಅವ ಇವತ್ತಿಗೂ ಹೇಳಿಲ್ಲ. ಆಕಿನೂ ಮತ್ತ ಕೇಳಿಲ್ಲ.

ಸುಳ್ಳು ಅನ್ನೂವ್ರು ಪಾರಿಶ್ವಾಡಕ್ಕ ಬರ್ರಿ, ನಾನಽ ಸೇದಿ ಕೊಡ್ತೀನಿ. ಸುತ್ತಲ ಬಾಂವಿ ನೀರೆಲ್ಲಾ ಸಿಹಿ. ಆ ರಾತ್ರಿಯಿಂದ ಅದೊಂದು ಬಾಂವಿ ನೀರು ಸಮುದ್ರದ ಉಪ್ಪು. ಖರೇನಽ ಹೇಳಾಕತ್ತೀನಿ... ನಾನು ಕುಡದೀನಿ.