ವಲ್ಲಿಯ ಕೆಳಗೆ ಎದೆಭಾರ

ಯಾವ ಕಾಲದ್ದು ಅಂತ ಕೇಳಬೇಡಿ, ಯಾವ ಸೀಮೆಯದ್ದು ಅಂತಲೂ ಕೇಳಬೇಡಿ. ಬಾಯಿಗೆ ಬಂದ ಊರಿನ ಹೆಸರು ಹೇಳಿಬಿಟ್ಟರೆ ಆ ಊರಿನವರು ನಾಳೆ ಜಗಳಕ್ಕೆ ಬರುತ್ತಾರೆ. ದನದ ಸಂತೆ ಇದ್ದ ಒಂದು ಊರು ಅಂದುಕೊಳ್ಳಿ, ಸಾಕು.

ಆ ಊರಲ್ಲಿ ಕಾಳಿಂಗಪ್ಪ ಅಂತ ಒಬ್ಬ ದಲ್ಲಾಳಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕುದುರಿಸುವುದು ಅವನ ಕಸುಬು. ಸಂತೆಯ ಪದ್ಧತಿ ಹೇಳುತ್ತೇನೆ ಕೇಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಅಮುಕಿದರೆ ಐದು. ಮೇಲೆ ಬಾಯಿ ಏನು ಬೇಕಾದರೂ ಒದರಲಿ. "ಒದೆಯೂದು ಅಂದ್ರ ಏನು ಅಂತ ಈ ಎತ್ತಿಗೆ ಗೊತ್ತ ಇಲ್ಲ" ಅಂತ ಬಾಯಿ ಆಣೆ ಹಾಕುತ್ತಿರುವಾಗಲೇ ಕೆಳಗೆ ಬೆರಳು ನಿಜವಾದ ಬೆಲೆ ಹೇಳುತ್ತಿರುತ್ತದೆ. ಇನ್ನೂ ಒಂದು ನಿಯಮ ಇತ್ತು, ಅದಕ್ಕೆ ಕಟ್ಟು ಅನ್ನುತ್ತಿದ್ದರು. ಇಬ್ಬರ ನಡುವೆ ಮೂರನೆಯವರು ಕೈ ತೂರಿಸಿದರೆ, ಅವರೂ ಒಂದು ಬೆಲೆ ಹೇಳಿಯೇ ಕೈ ಹೊರಗೆ ತೆಗೆಯಬೇಕು.

ಇಪ್ಪತ್ತೆರಡು ವರ್ಷ ಹೀಗೆ ಬದುಕಿದ ಕಾಳಿಂಗಪ್ಪ ಒಂದು ವಾರ ಸಂತೆಗೆ ಹೋಗಲಿಲ್ಲ. ಮರುವಾರವೂ ಹೋಗಲಿಲ್ಲ. ಅದರಾಚೆ ವಾರ ಎದ್ದು ಮುಖವನ್ನೇ ತೊಳೆಯಲಿಲ್ಲ. ರೊಟ್ಟಿ ಇಟ್ಟರೆ ರೊಟ್ಟಿಯನ್ನು ನೋಡುತ್ತಾನೆ, ತೆಗೆದರೆ ಖಾಲಿ ತಾಟನ್ನು ನೋಡುತ್ತಾನೆ.

ಹೆಂಡತಿ ಸಕ್ರವ್ವ ಕೇಳಿದಳು. "ಏನಾಗೇತಿ ನಿಮಗ?"

"ಏನಿಲ್ಲ."

"ಹೊಟ್ಟಿ ನೋಯತೈತೇನು?"

"ಏನಿಲ್ಲ."

"ನನ್ನ ಮ್ಯಾಲೆ ಸಿಟ್ಟೇನು?"

"ಏನಿಲ್ಲ ಬಿಡು."

ಮನೆಯಲ್ಲಿ ಒಬ್ಬರು ಮಂಕಾದರೆ ಊರೆಲ್ಲ ವೈದ್ಯರೇ, ಅಲ್ಲವೇ? ಮೊದಲು ಕಾಳಿಂಗಪ್ಪನ ತಾಯಿ ಹಾಲವ್ವ ದೃಷ್ಟಿ ತೆಗೆದಳು. ಒಂದು ಬೊಗಸೆ ಒಣಮೆಣಸಿನಕಾಯಿ ಕೆಂಡಕ್ಕೆ ಸುರಿದಳು. ಹಾಲವ್ವ ಕೆಮ್ಮಿದಳು, ಸಕ್ರವ್ವ ಕೆಮ್ಮಿದಳು, ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮಗ ಮಾತ್ರ ಕೂತಲ್ಲೇ ಕೂತಿದ್ದ.

ಆಮೇಲೆ ಸಕ್ರವ್ವನ ಅಣ್ಣ ಬಂದ. "ಮೈಯಾಗ ಕಸುವಿಲ್ಲ, ಅಷ್ಟ. ಹೋಳಿಗಿ ಮಾಡಿ ತಿನ್ನಸು" ಅಂದ. ಹನ್ನೆರಡು ಹೋಳಿಗೆ ಮಾಡಿದಳು. ಕಾಳಿಂಗಪ್ಪ ಒಂದರಲ್ಲಿ ಅರ್ಧ ತಿಂದ, ಉಳಿದ ಹನ್ನೊಂದೂವರೆಯನ್ನು ಅಣ್ಣ ತಿಂದ. ಕಸುವು ಯಾರಿಗೆ ಬಂತು ಅಂತ ಬಿಡಿಸಿ ಹೇಳಬೇಕೇ?

ಮೂರನೆಯದಾಗಿ ಓಣಿಯ ಹಿರಿಯ ದುಂಡಪ್ಪಜ್ಜ ಬಂದು ಬುದ್ಧಿ ಹೇಳಿದ. "ಗಂಡಸು ಗಟ್ಟಿ ಇರಬೇಕು ತಮ್ಮಾ. ನನ್ನ ನೋಡು." ಬೆಳಿಗ್ಗೆ ಶುರುಮಾಡಿದವನು ಮಧ್ಯಾಹ್ನದ ತನಕ ಹೇಳಿದ. ಹೇಳುತ್ತ ಹೇಳುತ್ತ ಅಲ್ಲೇ ಕಂಬಕ್ಕೊರಗಿ ಗೊರಕೆ ಹೊಡೆದ. ಕಾಳಿಂಗಪ್ಪನೇ ಎದ್ದು ಅವನ ತಲೆಯಡಿಗೆ ದಿಂಬು ಇಟ್ಟ.

ಇಲ್ಲಿಯವರೆಗೆ ನಕ್ಕಿರಿ. ಇನ್ನು ಸ್ವಲ್ಪ ಸುಮ್ಮನೆ ಕೇಳಿ.

ಹಿತ್ತಲಲ್ಲಿ ಬಾವಿ ಇತ್ತು. ಒಂದು ಬೆಳಿಗ್ಗೆ ಸಕ್ರವ್ವ ನೋಡುತ್ತಾಳೆ, ಗಂಡ ಬಾವಿ ಕಟ್ಟೆಯ ಮೇಲೆ ಕೂತು ಒಳಗೆ ಬಗ್ಗಿ ನೋಡುತ್ತಿದ್ದಾನೆ. ಕೈಯಲ್ಲಿ ಹಗ್ಗವಿಲ್ಲ, ಕೊಡವಿಲ್ಲ. ಎರಡನೆಯ ಬೆಳಿಗ್ಗೆಯೂ ಹಾಗೆಯೇ. ಮೂರನೆಯ ಬೆಳಿಗ್ಗೆ ಅವಳು ಓಡಿ ಹೋಗಿ ಅವನ ತೋಳು ಹಿಡಿದಳು. "ಹಿಟ್ಟಿನ ಡಬ್ಬಿ ಮುಚ್ಚಳ ಬಿಗಿದೈತಿ, ತೆಗೆದು ಕೊಡ ಬರ್ರಿ" ಅಂತ ಸುಳ್ಳು ಹೇಳಿ ಒಳಗೆ ಕರೆದುಕೊಂಡು ಬಂದಳು.

ಒಳಗೆ ಕೂರಿಸಿ ಯೋಚನೆ ಮಾಡಿದಳು. ಅವಳ ಅಪ್ಪನೂ ದಲ್ಲಾಳಿಯೇ, ಬೆರಳಿನ ಮಾತು ಅವಳಿಗೆ ತವರಿನ ಮಾತು. ಈ ಮನುಷ್ಯನ ಬಾಯಿ ಇಪ್ಪತ್ತೆರಡು ವರ್ಷದಲ್ಲಿ ಯಾವತ್ತು ನಿಜ ಹೇಳಿದೆ? ಮತ್ತೆ ನಾನು ಬಾಯಿಯನ್ನು ಯಾಕೆ ಕೇಳುತ್ತಿದ್ದೇನೆ?

ಗೂಟದಿಂದ ವಲ್ಲಿ ತೆಗೆದಳು. ಎದುರಿಗೆ ಕೂತು ಅವನ ಕೈ ಹಿಡಿದು ಮೇಲೆ ಹೊದಿಸಿದಳು. "ಹೇಳ್ರಿ. ಎದಿ ಮ್ಯಾಲೆ ಎಷ್ಟು ಮಣ ಭಾರ ಕೂತೈತಿ?"

"ಹುಚ್ಚು ಹಿಡದೈತೇನು ನಿನಗ?" ಅಂದಿತು ಬಾಯಿ. ಕೆಳಗೆ ಕೈ ಅವಳ ಒಂದು ಬೆರಳು ಹಿಡಿಯಿತು.

ದಲ್ಲಾಳಿ ಮೊದಲ ಸಲಕ್ಕೆ ಸರಿಯಾದ ಬೆಲೆ ಹೇಳುತ್ತಾನೆಯೇ? ಅವಳು ಬೆರಳು ಕಿತ್ತುಕೊಂಡಳು. ಒಪ್ಪಿಲ್ಲ ಅಂತ. ಅವನು ಎರಡು ಹಿಡಿದ. ಮತ್ತೆ ಕಿತ್ತುಕೊಂಡಳು. ಮೂರು. ಅದನ್ನೂ ಕಿತ್ತುಕೊಂಡಳು.

"ಈ ಸಲ ಜೋಳ ಹೆಂಗ ಬಂದೈತಿ?" ಅಂದಳು, ಮೇಲೆ ಏನಾದರೂ ಮಾತು ಬೇಕಲ್ಲ.

"ಜೋಳಕ್ಕೇನು, ಚೊಲೋ ಬಂದೈತಿ" ಅಂದ ಅವನು. ಅನ್ನುತ್ತ ಅನ್ನುತ್ತ ಅಂಗೈ ಪೂರ್ತಿ ಅಮುಕಿದ. ಐದು. ಇನ್ನೊಂದು ಸಲ ಅಮುಕಿದ. ಹತ್ತು. ಆಮೇಲೆ ಆ ಕೈ ಬಿಡಲೇ ಇಲ್ಲ.

ಅಷ್ಟರಲ್ಲಿ ಹಾಲವ್ವ ಒಳಗೆ ಬಂದಳು. ಮಗ ಸೊಸೆ ವಲ್ಲಿಯ ಕೆಳಗೆ ಕೈ ಹಾಕಿ ಕೂತಿದ್ದಾರೆ. ಅದನ್ನು ನೋಡಿ ದಲ್ಲಾಳಿಯ ತಾಯಿಗೆ ಇನ್ನೇನು ಹೊಳೆಯುತ್ತದೆ?

"ನನ್ನ ಎಮ್ಮಿ ಮಾರಾಕತ್ತೀರೇನು? ನಿನ್ನ ತವರಿಗೆ ಹೊಡಕೊಂಡು ಹೋಗಾಕ ನೋಡತೀಯೇನ ಸಕ್ರೀ?" ಅಂದವಳೇ ವ್ಯಾಪಾರ ಮುರಿಯಲು ತನ್ನ ಕೈಯನ್ನೂ ವಲ್ಲಿಯೊಳಗೆ ತೂರಿಸಿದಳು.

ಕಾಳಿಂಗಪ್ಪನ ಬಾಯಿಂದ ಎಷ್ಟೋ ವಾರಗಳ ಮೇಲೆ ಒಂದು ಸಂತೆಯ ಮಾತು ಹೊರಬಂತು. "ಕೈ ಹಾಕಿದ ಮ್ಯಾಲೆ ನೀನೂ ಬೆಲಿ ಹೇಳಬೇಕವ್ವ. ಕಟ್ಟು ಕಟ್ಟ."

"ಎಮ್ಮಿ ಕೊಡೂದಿಲ್ಲ ಅಂದ್ರ ಇಲ್ಲ."

"ಎಮ್ಮಿ ಅಲ್ಲ ಅತ್ತಿ" ಅಂದಳು ಸಕ್ರವ್ವ. "ಎದಿಭಾರ. ನಿಮ್ಮ ಮಗಂದು ಹತ್ತು ಮಣ. ನಿಮ್ಮದೆಷ್ಟು ಹೇಳ್ರಿ."

ವಲ್ಲಿಯ ಕೆಳಗೆ ಮುದುಕಿಯ ಕೈ ಒಂದು ಸಲ ಅಮುಕಿತು. ಎರಡು ಸಲ ಅಮುಕಿತು. ಮೂರು ಸಲ ಅಮುಕಿತು.

"ಹದಿನೈದು?" ಅಂದ ಮಗ. "ಯಾವಾಗಿಂದವ್ವ?"

"ನಿಮ್ಮಪ್ಪ ಹೋದಾಗಿಂದ. ಒಂಬತ್ತು ವರ್ಷ ಆತು."

"ಹೇಳಲಿಲ್ಲ ಯಾಕ?"

"ನೀವೆಲ್ಲಿ ಕೇಳಿದ್ರಿ? ಕೇಳಿದ್ದರೂ ಏನಿಲ್ಲ ಅಂತಿದ್ದೆ ಅನ್ನು. ನಿನಗ ಆ ಮಾತು ಕಲಿಸಿದಾಕಿ ನಾನ ಅಲ್ಲೇನು?"

ಆಗ ಕಾಳಿಂಗಪ್ಪ ಬಾಯಿಂದಲೇ ಹೇಳಿದ. "ಯಾಕ ಅಂತ ನನಗ ಗೊತ್ತಿಲ್ಲವ್ವ. ಕಾರಣ ಇದ್ದಿದ್ರ ಹೇಳತಿದ್ದೆ. ಬೆಳಿಗ್ಗೆ ಕಣ್ಣು ತೆಗೆದರ, ಯಾಕರ ತೆಗೆದೆ ಅನಸತೈತಿ. ಕಾಲು ತಾವ ಬಾವಿ ಕಡಿ ಹೋಗತಾವ."

ಹಾಲವ್ವ ಅಳಲಿಲ್ಲ. ಎದ್ದು ಹೋಗಿ ಬಾವಿ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಳು. ಕಾಳು ಹಸನು ಮಾಡಿದ್ದೂ ಅಲ್ಲೇ, ಎಲೆ ಅಡಿಕೆ ಹಾಕಿಕೊಂಡದ್ದೂ ಅಲ್ಲೇ, ನೀರಿಗೆ ಬಂದ ಹೆಂಗಸರನ್ನು ಬೈದದ್ದೂ ಅಲ್ಲೇ.

ಹೇಳಿಕೊಂಡ ಮಾತ್ರಕ್ಕೆ ಭಾರ ಇಳಿಯಿತೇ? ಇಳಿಯಲಿಲ್ಲ. ಎಷ್ಟು ಇದೆ ಅಂತ ಗೊತ್ತಾಯಿತು, ಅಷ್ಟೇ. ಮರುದಿನ ಮೂವರೂ ನೆರೆಯೂರಿನ ಗೌರಜ್ಜಿಯ ಹತ್ತಿರ ಹೋದರು. ಮನಸ್ಸು ಕುಸಿದವರಿಗೆ ಔಷಧ ಕೊಡುವ ಮುದುಕಿ ಅವಳು. ನಿದ್ದೆ ಕೇಳಿದಳು, ಊಟ ಕೇಳಿದಳು, ಬಾವಿಯ ಸಂಗತಿಯನ್ನೂ ಸುತ್ತಿಬಳಸದೆ ಕೇಳಿದಳು. ಆಮೇಲೆ ಅಂದಳು, "ನಲವತ್ತು ದಿನ ಕಷಾಯ ಕುಡೀಬೇಕು. ನಲವತ್ತು ದಿನವೂ ಇಲ್ಲಿ ಬಂದು ಕೂತು ಮಾತಾಡಬೇಕು. ಒಬ್ಬನ ಇರೂ ಹಂಗಿಲ್ಲ."

ಕಾಳಿಂಗಪ್ಪ ನೆಲ ನೋಡುತ್ತ ಕೂತ. ತಲೆ ಎತ್ತದೆಯೇ ಅಂದ, "ನಲವತ್ತು ಭಾಳ ಆತಜ್ಜಿ. ಇಪ್ಪತ್ತು ಮಾಡ್ರಿ."

ಸಕ್ರವ್ವ ತಟ್ಟನೆ ತಲೆ ಎತ್ತಿದಳು.

"ಇಪ್ಪತ್ತಕ್ಕ ನೆಗಡಿ ಹೋಗತೈತಿ. ಮೂವತ್ತೈದು" ಅಂದಳು ಗೌರಜ್ಜಿ.

"ಕಷಾಯ ಬೇಕಾದ್ರ ಎರಡು ಬಟ್ಟಲ ಕುಡೀತೀನಿ, ಮಾತು ಕಡಿಮಿ ಮಾಡ್ರಿ."

"ಮಾತಿನಾಗ ಕಡಿಮಿ ಇಲ್ಲ."

"ಹಂಗಾರ ಮೂವತ್ತು. ನಮ್ಮವ್ವನ್ನೂ ಸೇರಿಸಿ."

"ನನ್ನ ಯಾಕ ಸೇರಸ್ತಿ? ನಾನೇನು ಎಮ್ಮಿ ಜೋಡಿ ಪುಕ್ಕಟ ಹೋಗೂ ಕರುವೇನು?" ಅಂದಳು ಹಾಲವ್ವ.

"ಆತು, ಮೂವತ್ತು" ಅಂದಳು ಗೌರಜ್ಜಿ.

ಸಕ್ರವ್ವ ಗೋಡೆಗೆ ಮುಖ ತಿರುಗಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಗಂಡ ಚೌಕಾಶಿ ಮಾಡುವುದನ್ನು ಕೇಳಿ ಎಷ್ಟು ದಿನವಾಗಿತ್ತು.

ಹೊರಡುವಾಗ ಗೌರಜ್ಜಿ ಅವಳನ್ನು ಹಿಂದಕ್ಕೆ ಕರೆದಳು. "ಬೇಕಿದ್ದದ್ದು ಮೂವತ್ತ ದಿನ ತಂಗಿ. ದಲ್ಲಾಳಿಗೆ ಮೊದಲ ನಿಜ ಹೇಳಿದ್ರ ಹದಿನೈದಕ್ಕ ಇಳಸ್ತಿದ್ದ. ಮತ್ತ ನಾಳಿ ಅವರು ಮಾತಿಗೆ ಕೂತಾಗ ನೀ ಹೊರಗ ಕೂಡಬ್ಯಾಡ, ನೀನೂ ಒಳಗ ಬಾ. ಇಬ್ಬರನ್ನ ಹೊತ್ತಾಕಿನ್ನ ಇನ್ನೂ ಯಾರೂ ಏನೂ ಕೇಳಿಲ್ಲ."

ಮೂವತ್ತು ದಿನಕ್ಕೆ ಹತ್ತು ಮಣ ಮೂರಕ್ಕೆ ಇಳಿಯಿತು. ಪೂರ್ತಿ ಇಳಿಯಿತು ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಎತ್ತು ಕೊಳ್ಳಬೇಡಿ. ಕಾಳಿಂಗಪ್ಪನ ಮನೆಯ ಒಲೆ ಅಲ್ಲಿ ಉರಿಯಿತು, ನಮ್ಮ ಕಥೆ ಇಲ್ಲಿ ಆರಿತು. ಏಳಿ, ಮನೆಗೆ ಹೋಗಿ, ರೊಟ್ಟಿ ಬಡಿಸುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ.