ಬೀಗರ ಉಳಿದ ಭಾಷಣ

“ಅತಿಥಿಗಳು ಮಾತು ಮುಗಿಸೋ ಹೊತ್ತಿಗೆ ಸಭೆಯೇ ಖಾಲಿಯಾಗಿದ್ರೆ ಚಂದಾ ಡಬ್ಬಿ ಯಾರ ಮುಂದೆ ಹಿಡಿಯೋದು?”

ಜಯನಗರದ ಬಸ್ ನಿಲ್ದಾಣದಲ್ಲಿ ಸೇವಾ ಕ್ಲಬ್ಬಿನ ಕಾರ್ಯದರ್ಶಿ ತಿರುಮಲೇಶಯ್ಯನವರು ರಸ್ತೆಯ ಕಡೆ ನೋಡುತ್ತ ಹೀಗೆಂದಾಗ, ಕಲ್ಲುಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಷಟ್ಪದಿ ಹೇಳಿಕೊಳ್ಳುತ್ತಿದ್ದ ಅಲಮೇಲಮ್ಮನವರಿಗೆ ಪದ್ಯ ಅರ್ಧಕ್ಕೇ ನಿಂತಿತು.

ಕಾರ್ಯದರ್ಶಿಗಳ ಪಕ್ಕದಲ್ಲಿದ್ದ ಗೆಳೆಯ ವೆಂಕಟಾಚಲಯ್ಯ ಕೇಳಿದರು: “ಹೋದ ತಿಂಗಳು ಎರಡು ಗಂಟೆ ಮಾತಾಡಿದ್ರಲ್ಲ, ಇನ್ನೂ ತೃಪ್ತಿ ಇಲ್ವಂತೇನಯ್ಯ?”

“ಎಲ್ಲಾ ನಿನ್ನಿಂದ! ವಂದನಾರ್ಪಣೆ ಮಾಡು ಅಂದ್ರೆ, ‘ಇನ್ನೂ ಕೇಳ್ಬೇಕು ಅನ್ನಿಸ್ತು, ಹೊತ್ತು ಸಾಲದಾಯ್ತು’ ಅಂದ್ಯಲ್ಲ!”

“ಎಲ್ಲರೂ ಹಾಗೇ ಅಂತಾರೆ. ಉಪಚಾರದ ಮಾತು.”

“ಅವರು ನಿಜ ಅಂದ್ಕೊಂಡ್ರು. ಉಳಿದದ್ದನ್ನ ಈ ಭಾನುವಾರ ಬಂದು ಮುಗಿಸ್ತೀನಿ ಅಂತ ಹೇಳಿ ಕಳಿಸಿದ್ದಾರೆ.”

“ಭಾಷಣಕ್ಕೆ ಮುಂಚೆಯೇ ಡಬ್ಬಿ ಹಿಡಿ.”

“ಅವರ ಹೆಸರು ಕೇಳಿದ್ರೆ ಜನ ಬರೋದೇ ಇಲ್ಲ! ಜರಗನಹಳ್ಳಿ ಮುದುಕರ ಕಣ್ಣಿನ ಪೊರೆ ತೆಗೆಸೋ ದುಡ್ಡು ಭಾನುವಾರವೇ ಕೂಡಬೇಕು. ಡಾಕ್ಟರು ಮಾರನೇ ದಿನವೇ ಬರ್ತಾರೆ.”

“ಅಯ್ಯೋ ಪಾಪ.”

“ಪಾಪ ಅಂದ್ರೆ ಆಗಲಿಲ್ಲ. ಈ ಸಲ ಬರಬೇಡಿ ಅಂತ ನೀನೇ ಹೋಗಿ ಹೇಳು. ಮಗಳನ್ನ ಕೊಟ್ಟಿದ್ದೀಯ, ನಿನ್ನ ಬೀಗರು ತಾನೆ?”

ಅಲಮೇಲಮ್ಮನವರು ನಗು ಕಾಣದ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಬಸ್ಸು ಬಂದಿತು. ವೆಂಕಟಾಚಲಯ್ಯ ಮೆಟ್ಟಿಲು ಹತ್ತಿ ಹಿಂತಿರುಗಿ ನೋಡಿದರು.

“ಬೀಗರಾಗಿರೋದಕ್ಕೇ ನಾನು ಹೇಳಲ್ಲ ಕಣಯ್ಯ. ಆ ಮನೇಲಿ ನನ್ನ ಮಗಳು ದಿನಾ ಅವರ ಭಾಷಣ ಕೇಳ್ತಾಳೆ. ನೀವು ಕೇಳದೇ ಬಿಟ್ಟದ್ದೂ ಅವಳ ಪಾಲಿಗೇ ಬರುತ್ತೆ. ನನ್ನ ಕೈಲಾಗಲ್ಲ, ಹೋಗು!”