ಬದುವಿನ ಅತ್ತಿಗಿಡ

ಅಲ್ರಿ, ನಾ ಏನ್ ತಪ್ಪ ಅಂದೆ? ಬದುವಿನ ಮ್ಯಾಲಿನ ಅತ್ತಿಗಿಡ ಕಡಸ್ರಿ ಅಂದೆ, ಅಷ್ಟ. ನಾಳಿ ಮಲಕಾರಿ ಕೊಡ್ಲಿ ತಗೊಂಡ್ ಬರ್ತಾನ, ನಾನ ಹೇಳಿ ಬಂದೀನಿ. ರೊಟ್ಟಿ ಮುರಿಯೂದು ಯಾಕ ನಿಲ್ಲಿಸಿದ್ರಿ? ಉಣ್ರಿ, ಹೊತ್ತ ಮುಳಗಾಕ ಬಂತು.

ಆ ನೆರಳಿಗೆ ತಂಬಾಕ ಏಳವಲ್ದು. ಹಣ್ಣಾತಂದ್ರ ಗಿಳಿ, ಕೋಗಿಲಿ, ಬಾವಲಿ, ಭೋಜ ಊರಾಗಿನ ಮಂಗ್ಯಾ ಎಲ್ಲಾ ಅಲ್ಲೇ... ಗೊತ್ತೈತಿ, ಬ್ಯಾಸಗ್ಯಾಗ ಬ್ಯಾರೆ ಗಿಡದಾಗ ಏನೂ ಇರೂದಿಲ್ಲ, ಅವು ಏನ್ ತಿನಬೇಕು ಅಂತೀರಿ. ದತ್ತನ ಗಿಡ, ದತ್ತನ ದರ್ಶನಕ್ಕ ವಾಡಿಗೆ ಹೋಗೂ ಮಂದಿ ಸುತ್ತ ಹಾಕ್ತಾರ, ಅದೂ ಗೊತ್ತೈತಿ. ನಗಬ್ಯಾಡ್ರಿ. ನಿಮಗ ಪಕ್ಷಿ ಚಿಂತಿ ಅಲ್ಲ.

ಆ ಸುಂದರಾ ಅನ್ನಾಕಿ ನಿಪ್ಪಾಣಿ ತಂಬಾಕ ವಖಾರಿ ಕೆಲಸ ಬಿಟ್ಟು ಬಾಜೂ ಹೊಲಾ ಮಾಡಾಕ ಬಂದಾಗಿಂದ ನಿಮ್ಮ ಮಧ್ಯಾಹ್ನದ ರೊಟ್ಟಿ ಆ ಗಿಡದ ಕೆಳಗ. ಮೊದಲ ಮನಿಗೆ ಬರ್ತಿದ್ರಿ. ಬಾಯಾಗ ನಿಮಗ 'ಪಾರಿಸಣ್ಣಾ' ಅಂತಾಳ, ಸೆರಗಿನಾಗಿನ ಅತ್ತಿಹಣ್ಣ ನಿಮ್ಮ ಟಾವೆಲ್ಲಿಗೆ ಸುರೀತಾಳ. ಕಬ್ಬಿನ ಮರೀಗೆ ನಿಂತು ನೋಡೀನಿ. ಹೊಟ್ಟಿ ಉರೀತು ನಂಗ. ಈಗೂ ಉರಿಯಾಕತ್ತೈತಿ, ಸುಳ್ಳ್ಯಾಕ ಹೇಳ್ಲಿ.

ಜೈನರ ಮನಿ ನಮ್ದು. ಅದರಾಗ ಹುಳಾ ಇರ್ತಾವಂತ ನಮ್ಮ ಹಿರ್‍ಯಾರು ಯಾರೂ ಅತ್ತಿಹಣ್ಣ ಬಾಯಿಗೆ ಹಚ್ಚಿಲ್ಲ. ಆಕಿ ಕೊಟ್ಳಂತ ನೀವು... ಅದೂ ಏನ್ ಹಣ್ರಿ ಅವು? ಬುಡದಾಗಿನವು ಸಪ್ಪಗ ಇರ್ತಾವ. ಬಾವಿ ಕಡೆ ಟೊಂಗಿವಾದ್ರ ಬೆಲ್ಲದಂಗ...

ಯಾಕ ಹಂಗ ನೋಡ್ತೀರಿ?

ಮಂದಿ ಅಂತಾರ. ಲಕ್ಕವ್ವ ಅಂದ್ಲು... ಯಾರೋ ಅಂದ್ರು, ಬಿಡ್ರಿ.

ತಾಟ ಯಾಕ ಸರಸ್ತೀರಿ?

ಹೌದು, ತಿಂದೀನಿ. ನಿನ್ನಿ, ನೀವಿಬ್ರೂ ಎದ್ದ್ ಹ್ವಾದ ಮ್ಯಾಲ. ಒಡದ್ರ ಒಳಗ ಹುಳಾ ಹರದಾಡಾಕತ್ತಿದ್ವು. ಕಣ್ಮುಚ್ಚಿ ತಿಂದೆ. ಆಕಿ ಕೈಯಾಗಿಂದು ಏನ್ ರುಚಿ ಹತ್ತೈತಿ ನಿಮಗ, ನಂಗೂ ಗೊತ್ತಾಗಬೇಕಿತ್ತು. ನೀವ ನೇಮ ಮುರದ ಮ್ಯಾಲ ನಂದೇನ್ ಉಳೀತು ಅಂತ...

ತಲಿ ಯಾಕ ಅಲ್ಲಾಡಸ್ತೀರಿ? ದನದ ಗ್ವಾದಲಿ ಕಡೆ ಯಾಕ ಕೈ ಮಾಡ್ತೀರಿ?

ಎಮ್ಮಿಗಿ? ಆಕಿ ಕೊಟ್ಟಿದ್ದೆಲ್ಲಾ ತಂದು ಎಮ್ಮಿಗಿ ಹಾಕಿದ್ರಿ? ನೀವು ಒಂದೂ ತಿಂದಿಲ್ಲ?

ಅಂದ್ರ... ಈ ಮನ್ಯಾಗ ತಿಂದಾಕಿ ನಾ ಒಬ್ಬಾಕಿನ ಏನ್ರಿ?